ಗಿರಣಿ ನಡೀತೈತೇನು ತಮ್ಮಾ?

ಧಾರವಾಡದಲ್ಲಿ ನಮ್ಮ ಕಾಲೇಜಿನ ಹಿಂದೆ ಒಂದು ಖಾಲಿ ಜಾಗ ಇತ್ತು. ಕೊನೇ ವರ್ಷದ ಪ್ರಾಜೆಕ್ಟ್‌ಗೆ ನಾವು ಏಳು ಜನ ಸೇರಿ ಅಲ್ಲೊಂದು ಸೋಲಾರ್ ಮನೆ ಕಟ್ಟಿದೆವು. ಮನೆ ಅಂದರೆ ಒಂದು ಕೋಣೆ, ಒಂದು ಕಟ್ಟೆ, ಅಷ್ಟೇ. 2002ರಲ್ಲಿ ವಾಷಿಂಗ್ಟನ್ನಿನ ಬಯಲಿನಲ್ಲಿ 14 ವಿದ್ಯಾರ್ಥಿ ತಂಡಗಳು ಇಂಥ ಮನೆ ಕಟ್ಟಿ ಜನರಿಗೆ ತೋರಿಸಿದ್ದವು. ಸೋಲಾರ್ ಡೆಕಥ್ಲಾನ್ ಅನ್ನುವ ಆ ಸ್ಪರ್ಧೆಯ ಫೋಟೊ ನೋಡಿ ನಮಗೂ ಹುರುಪು ಬಂತು. ದುಡ್ಡು ಮಾತ್ರ ಅವರಷ್ಟು ಬರಲಿಲ್ಲ, ಬಿಡಿ.

ಮೊದಲ ಪೆಟ್ಟು ತಿಂದಿದ್ದು ಮಣ್ಣಿನಿಂದ. ನವಲಗುಂದ ಕಡೆಯ ಗೆಳೆಯನೊಬ್ಬ ಟ್ರ್ಯಾಕ್ಟರ್‌ನಲ್ಲಿ ಎರೆಮಣ್ಣು ಪುಕ್ಕಟೆ ತರಿಸಿದ. ಇಟ್ಟಿಗೆ ಒತ್ತಿ ನೆರಳಲ್ಲಿ ಜೋಡಿಸಿದೆವು. ನಾಲ್ಕೇ ದಿನಕ್ಕೆ ಬೆರಳು ತೂರುವಷ್ಟು ಬಿರುಕು! ಎರೆಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಸೀಳುತ್ತದೆ. ಹೊಲ ನೋಡಿ ಬೆಳೆದವರಿಗೆ ಇದು ಹೊಳೆಯಲಿಲ್ಲ ನೋಡಿ. ಆಮೇಲೆ ಕೆಂಪು ಮಸಾರಿ ತಂದು, ನೂರು ಪುಟ್ಟಿಗೆ ಏಳು ಪುಟ್ಟಿ ಸಿಮೆಂಟ್ ಬೆರೆಸಿದ ಮೇಲೆ ಗೋಡೆ ನಿಂತಿತು.

ಮೇಲೆ ಒಂದು ಕಿಲೋವ್ಯಾಟ್ ಪ್ಯಾನೆಲ್, ದಕ್ಷಿಣಕ್ಕೆ ಮುಖ, ಹದಿನೈದು ಡಿಗ್ರಿ ಓರೆ. ನಮ್ಮೂರಿನ ಅಕ್ಷಾಂಶವೂ ಹೆಚ್ಚುಕಡಿಮೆ ಅಷ್ಟೇ. ಬಿಸಿಲಿದ್ದ ದಿನ ನಾಲ್ಕು ಯೂನಿಟ್ ಬರುತ್ತಿತ್ತು. ಜುಲೈನ ಜಿಟಿಜಿಟಿ ಮಳೆಯಲ್ಲಿ ಒಂದು ಯೂನಿಟ್‌ಗೂ ಕಷ್ಟ.

ಭಾನುವಾರ ಜನರಿಗೆ ಬಾಗಿಲು ತೆರೆದೆವು. ಗೋಡೆ ತುಂಬಾ ಚಾರ್ಟ್ ಅಂಟಿಸಿದ್ದೆವು, ಬಾಣ, ಬಣ್ಣ, ಎಲ್ಲಾ ಇತ್ತು. ಯಾರೂ ಓದಲಿಲ್ಲ. ಕಲಘಟಗಿ ಕಡೆಯಿಂದ ಬಂದ ಅಜ್ಜಿಯೊಬ್ಬರು ಪ್ಯಾನೆಲ್ ಕಡೆ ಒಮ್ಮೆ ನೋಡಿ, ಸೀದಾ ಕೇಳಿದರು: “ತಮ್ಮಾ, ಇದರಾಗ ಹಿಟ್ಟಿನ ಗಿರಣಿ ನಡೀತೈತೇನು?”

“ಇಲ್ಲಬೇ ಯವ್ವಾ. ಲೈಟು, ಫ್ಯಾನು, ಟಿವಿ ನಡೀತಾವ.”

“ಮತ್ತ ಇಷ್ಟ್ ದೊಡ್ಡದು ಯಾಕ ಹಾಕೀರಿ?”

ಉತ್ತರ ಗೊತ್ತಿತ್ತು. ಹತ್ತು ಎಚ್‌ಪಿ ಗಿರಣಿಗೆ ಏಳೂವರೆ ಕಿಲೋವ್ಯಾಟ್ ಬೇಕು. ಆದರೆ ಕಿಲೋವ್ಯಾಟ್ ಅನ್ನುವುದನ್ನು ಅವರ ಕಣ್ಣಿಗೆ ತೋರಿಸುವುದು ಹೇಗೆ?

ಮರುವಾರ ಹುಬ್ಬಳ್ಳಿಯ ಗುಜರಿಯಿಂದ ಚಕ್ರ ತಿರುಗುವ ಹಳೇ ಮೀಟರ್ ತಂದೆವು. 1200 ಸುತ್ತಿಗೆ ಒಂದು ಯೂನಿಟ್. ಚಾರ್ಟ್ ಕಿತ್ತು ಅದೇ ಜಾಗದಲ್ಲಿ ಮೀಟರ್ ಹೊಡೆದೆವು. ಒಂದು ಕಿಲೋವ್ಯಾಟ್ ಇಸ್ತ್ರಿಪೆಟ್ಟಿಗೆ ಹಾಕಿದರೆ ಚಕ್ರದ ಕಪ್ಪು ಗುರುತು ಮೂರು ಸೆಕೆಂಡಿಗೊಮ್ಮೆ ಬಂದು ಹೋಗುತ್ತದೆ. ಅರವತ್ತು ವ್ಯಾಟ್ ಬಲ್ಬಿಗೆ ಐವತ್ತು ಸೆಕೆಂಡ್. ಒಂಬತ್ತು ವ್ಯಾಟ್ ಎಲ್‌ಇಡಿ ಹಾಕಿದಾಗ ಚಕ್ರ ತಿರುಗುತ್ತಿದೆಯೋ ಇಲ್ಲವೋ ಅಂತ ಜನ ಮೂಗು ತಾಗಿಸಿ ನೋಡುತ್ತಿದ್ದರು. ಒಂದು ಸುತ್ತಿಗೆ ಐದು ನಿಮಿಷದ ಮೇಲೆ ಬೇಕು, ಅಷ್ಟು ಹೊತ್ತು ಕಾಯುವವರೂ ಇದ್ದರು! “ಇಸ್ತ್ರಿಪೆಟ್ಟಿಗಿ ಭಾಳ ಉಣ್ಣತೈತಿ” ಅಂತ ಒಬ್ಬರು ಅಂದಾಗ ನಮಗೆ ಹಗುರಾಯಿತು. ಗಿರಣಿ ಪ್ರಶ್ನೆಗೂ ದಾರಿ ಸಿಕ್ಕಿತ್ತು: ಏಳೆಂಟು ಇಸ್ತ್ರಿಪೆಟ್ಟಿಗೆ ಒಟ್ಟಿಗೆ ಹಾಕಿದ ಹಾಗೆ.

ಮಕ್ಕಳಿಗೆ ಬೇರೆ ಆಟ. ಕಟ್ಟೆಯ ಮೇಲೆ ಸಣ್ಣದೊಂದು ಪ್ಯಾನೆಲ್, ಅದಕ್ಕೆ ನೇರ ಜೋಡಿಸಿದ ಪುಟ್ಟ ಫ್ಯಾನ್. ಪ್ಯಾನೆಲ್ಲಿನ ಕೆಳಗಿನ ಒಂದೇ ಸಾಲಿನ ಮೇಲೆ ಟವೆಲ್ ಹಾಸಿದರೆ ಸಾಕು, ಫ್ಯಾನ್ ನಿಂತೇ ಬಿಡುತ್ತದೆ. ಮುಕ್ಕಾಲು ಭಾಗ ಬಿಸಿಲಲ್ಲೇ ಇದೆ, ಮತ್ಯಾಕೆ ನಿಂತಿತು? ಬಿಸಿಲನ್ನು ಕರೆಂಟು ಮಾಡುವ ಒಳಗಿನ ಬಿಲ್ಲೆಗಳೆಲ್ಲ ಒಂದರ ಹಿಂದೆ ಒಂದು ಪೋಣಿಸಿದ ಹಾಗೆ ಇರುತ್ತವೆ. ಒಂದು ಕಡೆ ಕರೆಂಟಿನ ಹಾದಿ ಕಟ್ಟಿದರೆ ಎಲ್ಲಾ ನಿಲ್ಲುತ್ತದೆ. ನಿಜ ಹೇಳಬೇಕಂದ್ರೆ ಇದು ನಮಗೂ ತಡವಾಗಿ ತಿಳಿದದ್ದು. ಬೇವಿನ ಮರದ ಒಂದು ಟೊಂಗೆಯ ನೆರಳು ಸಂಜೆ ನಾಲ್ಕಕ್ಕೆ ಪ್ಯಾನೆಲ್ ಅಂಚಿಗೆ ಬೀಳುತ್ತಿತ್ತು. ಯೂನಿಟ್ ಯಾಕೆ ಕಡಿಮೆ ಅಂತ ಹದಿನೈದು ದಿನ ಸುಮ್ನೆ ವೈರ್ ಬಿಚ್ಚಿ ಕಟ್ಟಿದ್ದೆವು.

ಹೋದ ತಿಂಗಳು ಹಳ್ಳಿ ಶಾಲೆಯ ಮಾಸ್ತರೊಬ್ಬರು ವಿಜ್ಞಾನ ಪ್ರದರ್ಶನಕ್ಕೆ ಎರಡೇ ದಿನ ಬೇಕು ಅಂತ ಮೀಟರ್ ಒಯ್ದರು. ಇನ್ನೂ ವಾಪಸ್ ಬಂದಿಲ್ಲ. ಫೋನ್ ಮಾಡಿದರೆ, “ಹುಡುಗರು ಬಿಡವಲ್ಲರ್ರೀ” ಅಂತಾರೆ. ಈ ಶನಿವಾರ ಮತ್ತೆ ಗುಜರಿಗೆ ಹೊರಟಿದ್ದೇವೆ.