ಡಿಪ್ಲೊಮಾ ಇಟ್ಟುಕೊಂಡೇ ಜರ್ಮನಿಯ ಬ್ಲೂ ಕಾರ್ಡ್ ತೆಗೆದುಕೊಂಡೆ

ಬಿಇ ಇಲ್ಲದೆ ಬ್ಲೂ ಕಾರ್ಡ್, ಅಂದರೆ ನುರಿತ ಕೆಲಸಗಾರರಿಗೆ ಅಲ್ಲಿದ್ದು ಕೆಲಸ ಮಾಡಲು ಕೊಡುವ ಪರವಾನಗಿ, ಸಿಗಲ್ಲ ಅಂತ ಬೆಂಗಳೂರಿನಲ್ಲಿ ಎಲ್ಲರೂ ಹೇಳಿದ್ದರು. ಟೀಮ್ ಲೀಡ್ ಹೇಳಿದರು, ಜರ್ಮನಿಯಲ್ಲೇ ಇರುವ ದೊಡ್ಡಪ್ಪನ ಮಗನೂ ಹೇಳಿದ. ನನ್ನ ಹತ್ತಿರ ಇದ್ದದ್ದು ಪಾಲಿಟೆಕ್ನಿಕ್ ಡಿಪ್ಲೊಮಾ, ಜೊತೆಗೆ ಎಂಟೊಂಬತ್ತು ವರ್ಷದ ಬ್ಯಾಕೆಂಡ್ ಸಾಫ್ಟ್‌ವೇರ್ ಕೆಲಸ. ಈಗ ಷ್ಟುಟ್‌ಗಾರ್ಟ್‌ನಲ್ಲಿದ್ದೇನೆ, ಕಾರ್ಡ್ ಜೇಬಿನಲ್ಲಿದೆ. ಅನುಮಾನ ಪಟ್ಟವರೇ ಫೋನ್ ಮಾಡಿ ದಾರಿ ಕೇಳುತ್ತಿದ್ದಾರೆ.

2023ರ ನವೆಂಬರ್‌ನಲ್ಲಿ ಬ್ಲೂ ಕಾರ್ಡ್ ನಿಯಮ ಬದಲಾಯಿತು. ಐಟಿಯವರಿಗೆ ಡಿಗ್ರಿಯ ಬದಲು ಕಳೆದ 7 ವರ್ಷದಲ್ಲಿ 3 ವರ್ಷ ಪದವೀಧರರ ಮಟ್ಟದ ಕೆಲಸ ಮಾಡಿದ ಅನುಭವ ಸಾಕು. ಆದರೆ ಎಚ್‌ಆರ್‌ನವರಿಗೇ ಇದು ಗೊತ್ತಿರುವುದಿಲ್ಲ. ಒಂದು ಕಂಪನಿ ಇಂಟರ್‌ವ್ಯೂ ಎಲ್ಲ ಮುಗಿಸಿ, ಡಿಗ್ರಿ ಇಲ್ಲ ಅಂತ ಆಫರ್ ವಾಪಸ್ ತೆಗೆದುಕೊಂಡಿತು. ಆಮೇಲಿಂದ ಈ ನಿಯಮ ಇರುವ, ಜರ್ಮನಿಯ ವಾಸದ ಕಾಯ್ದೆಯ 18ಜಿ ಸೆಕ್ಷನ್ ಅನ್ನು ಅರ್ಜಿಯ ಮೊದಲ ಸಾಲಿನಲ್ಲೇ ಬರೆಯತೊಡಗಿದೆ. ಉತ್ತರಗಳು ಬರತೊಡಗಿದವು.

ಅನುಭವ ಪತ್ರಕ್ಕೇ ಜಾಸ್ತಿ ಓಡಾಡಿದೆ. ನಮ್ಮ ಕಂಪನಿಗಳು ಕೊಡುವ ಎರಡು ಸಾಲಿನ ರಿಲೀವಿಂಗ್ ಲೆಟರ್ ಯಾವುದಕ್ಕೂ ಸಾಲದು. ಯಾವ ಸಿಸ್ಟಮ್, ಯಾವ ತೀರ್ಮಾನ ನನ್ನದು, ಎಷ್ಟು ಜನ ನನ್ನ ಕೈಕೆಳಗೆ ಅಂತೆಲ್ಲ ಇರಬೇಕು. ಹಳೇ ಕಂಪನಿಯೊಂದು ಮುಚ್ಚಿಹೋಗಿತ್ತು. ಅಲ್ಲಿನ ವರ್ಷಗಳಿಗೆ ಫಾರ್ಮ್ 16, ಪಿಎಫ್ ಪಾಸ್‌ಬುಕ್ ಮತ್ತು ಹಳೇ ಮ್ಯಾನೇಜರ್ ಸಹಿ ಮಾಡಿದ ಪತ್ರ ಇಟ್ಟೆ. ನಡೆಯಿತು. ಪತ್ರದ ಒಕ್ಕಣೆ ಮಾತ್ರ ಇಲ್ಲಿ ಹಾಕಲ್ಲ, ಅದು ನಾನು ತಿಂಗಳುಗಟ್ಟಲೆ ತಿದ್ದಿದ್ದು.

ಇನ್ನು ಸಂಬಳ. 2024ರಲ್ಲಿ ಈ ದಾರಿಗೆ ಕನಿಷ್ಠ ಮಿತಿ ವರ್ಷಕ್ಕೆ 41,000 ಯೂರೋ ಚಿಲ್ಲರೆ. ನನ್ನ ಆಫರ್ 42,500ರ ಹತ್ತಿರ ಇತ್ತು. ಕಾಗದಪತ್ರ ಎಳೆದು ಜನವರಿ ಬಂತು, ಮಿತಿ 43,760ರ ಆಸುಪಾಸಿಗೆ ಏರಿತು. ಕಾಂಟ್ರಾಕ್ಟ್ ಹೊಸದಾಗಿ ಮಾಡಿಸಬೇಕಾಯಿತು. ಪ್ರತಿ ಜನವರಿ ಹೀಗೇ, ಎರಡು ಮೂರು ಸಾವಿರ ಮೇಲೆಯೇ ಕೇಳಿ. ಕಂಪನಿಯವರು ಅಲ್ಲಿನ ಉದ್ಯೋಗ ಇಲಾಖೆಯ ಒಪ್ಪಿಗೆಯನ್ನು ಮುಂಚೆಯೇ ತರಿಸಿದ್ದರಿಂದ ವೀಸಾ ಬೇಗ ಆಯಿತು. ಇದನ್ನು ಅವರ ಹತ್ತಿರ ಹಟ ಹಿಡಿದು ಮಾಡಿಸಿಕೊಳ್ಳಿ.

ನಡುವೆ ಚಾನ್ಸನ್‌ಕಾರ್ಟೆ, ಅಂದರೆ ಅಲ್ಲಿಗೇ ಹೋಗಿ ಕೆಲಸ ಹುಡುಕಲು ಕೊಡುವ ಪರವಾನಗಿ, ಅದರ ಕಡೆಗೂ ಒಂದು ಕೈ ನೋಡಿದ್ದೆ. ಅದಕ್ಕಾಗಿ ಎ1, ಅಂದರೆ ಮೊದಲ ಹಂತದ ಜರ್ಮನ್ ಕಲಿತೆ. ಆದರೆ ಬ್ಲಾಕ್ಡ್ ಅಕೌಂಟ್‌ಗೆ, ಅಂದರೆ ತಿಂಗಳು ತಿಂಗಳು ಇಷ್ಟೇ ಅಂತ ತೆಗೆಯಬಹುದಾದ ಖಾತೆಗೆ, ತಿಂಗಳಿಗೆ 1,091 ಯೂರೋದಂತೆ ಒಂದು ವರ್ಷದ ದುಡ್ಡು ಮೊದಲೇ ಹಾಕಬೇಕಿತ್ತು, ಹತ್ತಿರ ಹತ್ತಿರ 12 ಲಕ್ಷ! ಬಿಟ್ಟೆ. ಭಾಷೆ ಕಲಿತದ್ದು ಉಪಯೋಗಕ್ಕೆ ಬಂತು.

ಖರ್ಚು? ವೀಸಾ ಫೀಸ್ ಬರೀ 75 ಯೂರೋ. ಟಿಕೆಟ್, ಇನ್ಶೂರೆನ್ಸ್, ಮನೆ ಅಡ್ವಾನ್ಸ್ ಸೇರಿ ಮೂರೂವರೆ ಲಕ್ಷ ಆಗಿರಬೇಕು. ಮೊದಲು ಒಬ್ಬ ಕನ್ಸಲ್ಟೆಂಟ್ 80 ಸಾವಿರ ತೆಗೆದುಕೊಂಡು ಒಂದು ರೆಸ್ಯೂಮೆ ಕೊಟ್ಟಿದ್ದ, ಅದು ಬೇರೆ. ಇಲ್ಲಿ ಬಂದ ಮೇಲೆ ಮೊದಲ ರೂಮಿನ ಮಾಲೀಕ ವಿಳಾಸದ ಕಾಗದಕ್ಕೆ ಸಹಿ ಹಾಕಲಿಲ್ಲ. ಆ ಕಾಗದ ಇಲ್ಲದೆ ಆನ್‌ಮೆಲ್ಡುಂಗ್ (ಸರ್ಕಾರಿ ಕಚೇರಿಯಲ್ಲಿ ವಿಳಾಸ ನೋಂದಣಿ) ಇಲ್ಲ, ಅದಿಲ್ಲದೆ ಕಾರ್ಡ್ ಕೆಲಸ ಮುಂದೆ ಹೋಗಲ್ಲ. ತಿಂಗಳಿಗೆ 150 ಯೂರೋ ಜಾಸ್ತಿ ಕೊಟ್ಟು ಬೇರೆ ರೂಮ್ ಹಿಡಿದೆ. ಬುಕ್ ಮಾಡುವ ಮುಂಚೆಯೇ ಇದನ್ನು ಕೇಳಿಕೊಳ್ಳಿ.

ಬಿ1, ಅಂದರೆ ಮಧ್ಯಮ ಹಂತದ ಜರ್ಮನ್ ಪರೀಕ್ಷೆ ಪಾಸಾದರೆ 21 ತಿಂಗಳಿಗೆ ಪರ್ಮನೆಂಟ್ ಆಗಿ ನೆಲೆಸುವ ಅನುಮತಿ ಕೇಳಬಹುದು, ಅದಕ್ಕೆ ಓದುತ್ತಿದ್ದೇನೆ. ಹೆಂಡತಿಯ ವೀಸಾಗೆ ಜರ್ಮನ್ ಸರ್ಟಿಫಿಕೇಟ್ ಕೇಳಲಿಲ್ಲ, ಬ್ಲೂ ಕಾರ್ಡ್‌ನವರ ಮನೆಯವರಿಗೆ ಆ ವಿನಾಯಿತಿ ಇದೆ. ಅವಳೂ ಬಂದ ದಿನದಿಂದಲೇ ಕೆಲಸ ಮಾಡಬಹುದು.