ಪೆರೋಲ್ ಸಿಕ್ಕಿತು ಅಂದರೆ ಬಿಡುಗಡೆ ಆಯಿತು ಅಂತಲ್ಲ

2021ರ ಆಗಸ್ಟ್ 27, ಶುಕ್ರವಾರ. ಸಂಜೆ ಕ್ಯಾಲಿಫೋರ್ನಿಯಾದ ನಮ್ಮ ಕನ್ನಡ ಕೂಟದ ವಾಟ್ಸಾಪ್ ಗುಂಪಿನಲ್ಲಿ ಒಂದೇ ಸುದ್ದಿ. 1968ರಲ್ಲಿ ಅಮೆರಿಕದ ಅಧ್ಯಕ್ಷ ಪದವಿಗೆ ಸ್ಪರ್ಧಿಸುತ್ತಿದ್ದ ರಾಬರ್ಟ್ ಕೆನಡಿಯನ್ನು ಕೊಂದ ಸಿರ್ಹಾನ್ ಸಿರ್ಹಾನ್‌ಗೆ ಪೆರೋಲ್ ಸಿಕ್ಕಿದೆ. ಆಗಷ್ಟೇ ಇಲ್ಲಿಗೆ ಬಂದಿದ್ದ ಒಬ್ಬ ಹುಡುಗ "ನಾಳೆ ಮನೆಗೆ ಹೋಗ್ತಾನೆ, ಎಂಥ ದೇಶ ಇದು" ಎಂದು ಬರೆದ. ಇನ್ನೊಬ್ಬರು "ಇಲ್ಲಪ್ಪ, ಪೆರೋಲ್ ಅಂದ್ರೆ ಒಂದು ತಿಂಗಳ ರಜ, ವಾಪಸ್ ಬರಲೇಬೇಕು" ಎಂದರು. ಇಬ್ಬರದೂ ತಪ್ಪು. ಒಂದು ಕಾಲಕ್ಕೆ ನಾನೂ ಈ ಎರಡೂ ತಪ್ಪು ಮಾಡಿದ್ದೆ. ಅದರಿಂದ ನಮ್ಮ ಮನೆಯವರು ದುಡ್ಡು ಕಳೆದುಕೊಂಡೆವು, ದುಡ್ಡಿಗಿಂತ ದೊಡ್ಡದನ್ನೂ ಕಳೆದುಕೊಂಡೆವು. ಕ್ಯಾಲಿಫೋರ್ನಿಯಾದಲ್ಲಿರುವ ನಮ್ಮವರು ಮತ್ತೆ ಅದೇ ಹಳ್ಳಕ್ಕೆ ಬೀಳುವುದನ್ನು ನೋಡಿ ನೋಡಿ ಇದನ್ನು ಬರೆಯುತ್ತಿದ್ದೇನೆ.

ಮೊದಲು ಆ ಪದದ ವಿಷಯ. ಊರಲ್ಲಿ ಪೆರೋಲ್ ಅಂದರೆ ರಜವೇ. ರಾಜೀವ್ ಗಾಂಧಿ ಹತ್ಯೆ ಕೇಸಿನ ನಳಿನಿಗೆ 2019ರಲ್ಲಿ ಮಗಳ ಮದುವೆಗೆಂದು ಒಂದು ತಿಂಗಳು ಸಿಕ್ಕಿದ್ದು ಆ ಪೆರೋಲ್. ರಜ ಮುಗಿಸಿ ಅವರು ಜೈಲಿಗೆ ವಾಪಸ್ ಹೋದರು. ಅಮೆರಿಕದಲ್ಲಿ ಪೆರೋಲ್ ಅಂದರೆ ಜೈಲಿನಿಂದ ಹೊರಗೆ ಬಂದು, ಅಧಿಕಾರಿಯೊಬ್ಬರ ಕಣ್ಗಾವಲಲ್ಲಿ, ಷರತ್ತಿನ ಮೇಲೆ ಬದುಕುವುದು. ಷರತ್ತು ಮುರಿಯದಿದ್ದರೆ ವಾಪಸ್ ಹೋಗುವ ಮಾತೇ ಇಲ್ಲ. ಊರಿನ ಲೆಕ್ಕದಲ್ಲಿ ಇದು ಅವಧಿಗೆ ಮುಂಚಿನ ಬಿಡುಗಡೆಗೆ ಹತ್ತಿರ. ಗ್ರೀನ್ ಕಾರ್ಡ್ ಅರ್ಜಿ ಹಾಕಿದವರು ತೆಗೆದುಕೊಳ್ಳುವ ಅಡ್ವಾನ್ಸ್ ಪೆರೋಲ್‌ಗೂ ಇದಕ್ಕೂ ಯಾವ ಸಂಬಂಧವೂ ಇಲ್ಲ. ಅದು ಅರ್ಜಿ ಬಾಕಿ ಇರುವಾಗ ದೇಶದ ಹೊರಗೆ ಹೋಗಿ ಬರಲು ಕೊಡುವ ಅನುಮತಿ, ಬೇರೆಯೇ ಕಥೆ.

ಈಗ ಸಿರ್ಹಾನ್ ಕೇಸು. 1968ರ ಜೂನ್ 5, ಮಧ್ಯರಾತ್ರಿ ಆಗಷ್ಟೇ ದಾಟಿತ್ತು. ಲಾಸ್ ಏಂಜಲೀಸ್‌ನ ಅಂಬಾಸಡರ್ ಹೋಟೆಲ್. ಕ್ಯಾಲಿಫೋರ್ನಿಯಾದ ಪ್ರೈಮರಿ, ಅಂದರೆ ಪಕ್ಷದ ಅಭ್ಯರ್ಥಿಯನ್ನು ಆರಿಸುವ ಚುನಾವಣೆ, ಗೆದ್ದ ಕೆನಡಿ ಭಾಷಣ ಮುಗಿಸಿ ಅಡುಗೆಮನೆ ದಾರಿಯಲ್ಲಿ ಹೊರಟಿದ್ದರು. ಅಲ್ಲೇ ಗುಂಡು ಬಿತ್ತು. ಇನ್ನೂ ಐದು ಜನ ಗಾಯಗೊಂಡರು. ಮಾರನೇ ದಿನ ಕೆನಡಿ ತೀರಿಕೊಂಡರು. ಅವರಿಗೆ 42 ವರ್ಷ, ಕೊಂದವನಿಗೆ 24. 1969ರಲ್ಲಿ ಸಿರ್ಹಾನ್‌ಗೆ ಗಲ್ಲು ಶಿಕ್ಷೆ ಆಯಿತು. 1972ರಲ್ಲಿ ಕ್ಯಾಲಿಫೋರ್ನಿಯಾದ ಸುಪ್ರೀಂ ಕೋರ್ಟ್ ಮರಣದಂಡನೆಯನ್ನೇ ರದ್ದು ಮಾಡಿತು. ಜೈಲಿನಲ್ಲಿ ಗಲ್ಲಿಗೆ ಕಾಯುತ್ತಿದ್ದವರ ಶಿಕ್ಷೆಯೆಲ್ಲ ಜೀವಾವಧಿಗೆ ಇಳಿಯಿತು. ಚಾರ್ಲ್ಸ್ ಮ್ಯಾನ್ಸನ್‌ಗೂ ಹಾಗೇ ಆಯಿತು. ಆ ಕಾಲದಲ್ಲಿ ಕೊಲೆ ಕೇಸಿಗೆ ಪೆರೋಲ್ ಇಲ್ಲದ ಜೀವಾವಧಿ ಎಂಬ ಶಿಕ್ಷೆ ಇಲ್ಲಿ ಇನ್ನೂ ಬಂದಿರಲಿಲ್ಲ. ಹೀಗಾಗಿ ಸಿರ್ಹಾನ್‌ನದು ಪೆರೋಲ್ ಕೇಳಬಹುದಾದ ಜೀವಾವಧಿ ಆಯಿತು. ಈ ಚರ್ಚೆಯೆಲ್ಲ ಹುಟ್ಟಿದ್ದೇ ಅಲ್ಲಿಂದ.

ಹದಿನೈದು ಸಲ ಇಲ್ಲ ಅಂದ ಪೆರೋಲ್ ಬೋರ್ಡ್ ಹದಿನಾರನೇ ಸಲ, ಅಂದರೆ 2021ರಲ್ಲಿ, ಹೂಂ ಅಂದಿತು. ವಿಚಾರಣೆ ನಡೆಸಿದ್ದು ಇಬ್ಬರು. ಕೆನಡಿಯ ಇಬ್ಬರು ಗಂಡುಮಕ್ಕಳು ಬಿಡುಗಡೆಯ ಪರ ನಿಂತರು. ಅವರಲ್ಲಿ ಡಗ್ಲಸ್ ಕೆನಡಿಗೆ ಅಪ್ಪ ಹೋದಾಗ ಬರೀ ಒಂದು ವರ್ಷ. ಉಳಿದ ಮಕ್ಕಳಲ್ಲಿ ಆರು ಮಂದಿ ಒಟ್ಟಾಗಿ ವಿರೋಧಿಸಿದರು. ಹೆಂಡತಿ ಎಥೆಲ್ ಕೂಡ ಬೇಡ ಎಂದರು. ಅವತ್ತಿನ ವಿಚಾರಣೆಗೆ ಡಿಸ್ಟ್ರಿಕ್ಟ್ ಅಟಾರ್ನಿ, ಅಂದರೆ ಸರ್ಕಾರಿ ವಕೀಲರ, ಕಚೇರಿಯಿಂದ ಯಾರೂ ಬರಲಿಲ್ಲ. ಪೆರೋಲ್ ವಿಚಾರಣೆಗೆ ಪ್ರಾಸಿಕ್ಯೂಟರ್ ಹೋಗುವುದು ಬೇಡ ಎಂಬುದು ಆಗ ಆ ಕಚೇರಿಯ ನೀತಿಯಾಗಿತ್ತು. ಇದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಆಮೇಲೆ ಏನಾಯಿತು? ಸಿರ್ಹಾನ್ ಮಾರನೇ ದಿನ ಹೊರಗೆ ಬರಲಿಲ್ಲ, ಮುಂದಿನ ತಿಂಗಳೂ ಬರಲಿಲ್ಲ. 2022ರ ಜನವರಿ 13ರಂದು ಗವರ್ನರ್ ಗ್ಯಾವಿನ್ ನ್ಯೂಸಮ್ ಆ ತೀರ್ಮಾನವನ್ನು ತಳ್ಳಿಹಾಕಿದರು. 2023ರ ಮಾರ್ಚ್ 1ರಂದು ಬೋರ್ಡೇ ಇಲ್ಲ ಎಂದು, ಇನ್ನು ಮೂರು ವರ್ಷ ಕಾಯಿರಿ ಎಂದಿತು.

ಇಲ್ಲೇ ಇರುವುದು ನಮ್ಮವರು ಬೀಳುವ ಹಳ್ಳ. ದಯವಿಟ್ಟು ನಿಧಾನವಾಗಿ ಓದಿ.

ಬೋರ್ಡ್ ಹೂಂ ಅಂದ ಮೇಲೆ ಆ ತೀರ್ಮಾನವನ್ನು ಬೋರ್ಡಿನ ಒಳಗೇ ಪರಿಶೀಲಿಸಲು 120 ದಿನದವರೆಗೆ ಸಮಯ ಇರುತ್ತದೆ. ಅದು ಮುಗಿದ ಮೇಲೆ, ಕೊಲೆ ಕೇಸಾದರೆ, ಗವರ್ನರ್‌ಗೆ 30 ದಿನ. ಈ ಅಧಿಕಾರವನ್ನು ಅವರಿಗೆ ಕೊಟ್ಟಿದ್ದು 1988ರಲ್ಲಿ ಜನ ಮತ ಹಾಕಿ ಒಪ್ಪಿದ ಪ್ರೊಪೊಸಿಷನ್ 89. ಆ 30 ದಿನದಲ್ಲಿ ಅವರು ಏನೂ ಮಾಡದಿದ್ದರೆ ಬೋರ್ಡಿನ ಮಾತೇ ನಡೆಯುತ್ತದೆ. ಸತ್ತವರ ಮನೆಯವರಿಗೆ ಅಪೀಲು ಅಂತ ಒಂದು ದಾರಿ ಇಲ್ಲ. ಇರುವುದು ಈ 150 ದಿನ. ಅದರೊಳಗೆ ಬೋರ್ಡಿಗೆ, ಗವರ್ನರಿಗೆ ಪತ್ರ ಬರೆಯಬೇಕು. ಪತ್ರಕ್ಕೆ ಫೀಸಿಲ್ಲ, ವಕೀಲರೂ ಬೇಕಿಲ್ಲ.

ನಮ್ಮ ಮನೆಯ ವಿಷಯ ಹೇಳುತ್ತೇನೆ. ನನ್ನ ಮೈದುನ ತೊಂಬತ್ತರ ದಶಕದಲ್ಲಿ ಇಲ್ಲೇ ಒಂದು ಗ್ಯಾಸ್ ಸ್ಟೇಷನ್ನಿನಲ್ಲಿ ರಾತ್ರಿ ಪಾಳಿ ಮಾಡುತ್ತಿದ್ದ. ದರೋಡೆಗೆ ಬಂದವನೊಬ್ಬ ಗುಂಡು ಹಾರಿಸಿದ. ಕೊಂದವನಿಗೆ "25 ಟು ಲೈಫ್" ಆಯಿತು, ಅಂದರೆ 25 ವರ್ಷದಿಂದ ಜೀವಾವಧಿವರೆಗಿನ, ಮುಂದೆ ಪೆರೋಲ್ ಕೇಳಬಹುದಾದ ಶಿಕ್ಷೆ. ತೀರ್ಪು ಬಂದ ದಿನ ಕೋರ್ಟಿನಲ್ಲಿದ್ದ ಒಬ್ಬ ಹೆಂಗಸು ಒಂದು ಫಾರಂ ಕೊಟ್ಟು, ತುಂಬಿ ಕಳಿಸಿ, ವಿಳಾಸ ಬದಲಾದರೆ ತಿಳಿಸಿ ಎಂದಿದ್ದರು. ತುಂಬಿ ಕಳಿಸಿದೆವು. ಆಮೇಲೆ ಮೂರು ಮನೆ ಬದಲಾಯಿಸಿದೆವು. ಬ್ಯಾಂಕಿಗೆ ತಿಳಿಸಿದೆವು, ಸ್ಕೂಲಿಗೆ ತಿಳಿಸಿದೆವು. ಆ ಫಾರಂ ನೆನಪಿಗೇ ಬರಲಿಲ್ಲ.

ಮೊದಲ ಪೆರೋಲ್ ವಿಚಾರಣೆ ನಮಗೆ ಗೊತ್ತಿಲ್ಲದೆ ನಡೆದು ಹೋಯಿತು. ಎರಡನೆಯದೂ ಹಾಗೇ. ಒಂದು ರಾತ್ರಿ ನಿದ್ದೆ ಬರದೆ ಜೈಲು ಇಲಾಖೆಯ ವೆಬ್‌ಸೈಟಿನಲ್ಲಿ ಅವನ ಹೆಸರು ಹಾಕಿ ನೋಡಿದೆ. ಪೆರೋಲ್ ಕೊಡಲಾಗಿದೆ ಅಂತ ಇತ್ತು. ವಿಚಾರಣೆ ಆಗಿ ಆಗಲೇ ಮೂರು ತಿಂಗಳು ಕಳೆದಿತ್ತು. ಇಂದೋ ನಾಳೆಯೋ ಹೊರಗೆ ಬಂದೇ ಬಿಡುತ್ತಾನೆ ಎಂದು ಗಾಬರಿ ಬಿದ್ದು ಬೆಳಿಗ್ಗೆಯೇ ವಕೀಲರನ್ನು ಹುಡುಕಿದೆವು. "ಅಪೀಲ್ ಮಾಡಬಹುದಾ ನೋಡೋಣ" ಎಂದು ಒಬ್ಬರು 3,500 ಡಾಲರ್ ಕಟ್ಟಿಸಿಕೊಂಡರು. ಐದು ವಾರ ನೋಡಿದರು. ಕೊನೆಗೆ ಅಪೀಲ್ ಇಲ್ಲ ಎಂದರು. ಆ ಹೊತ್ತಿಗೆ 120 ದಿನ ಮುಗಿದು, ಗವರ್ನರ್‌ಗೆ ಇದ್ದ 30 ದಿನವೂ ಓಡತೊಡಗಿತ್ತು.

ನಮ್ಮ ಅತ್ತೆ ಊರಿಂದ ಪತ್ರ ಬರೆದು ಕಳಿಸಿದ್ದರು. ಗೆರೆ ಹಾಕಿದ ನಾಲ್ಕು ಹಾಳೆ, ನೀಲಿ ಇಂಕು. ಮೂರನೇ ಹಾಳೆಯಲ್ಲಿ ಮಗನ ಹೆಸರು ಬಂದ ಕಡೆ ಇಂಕು ಹರಡಿಕೊಂಡಿತ್ತು. ನಾನು ಅಡುಗೆಮನೆಯ ಮೇಜಿನ ಮೇಲೆ ಕೂತು ಅದನ್ನು ಇಂಗ್ಲಿಷಿಗೆ ಮಾಡಿದೆ. "ಅವನಿಗೆ ಹುಷಾರಿಲ್ಲದಾಗ ಗಂಜಿ ಮಾತ್ರ ಕುಡಿಯುತ್ತಿದ್ದ" ಎಂಬ ಸಾಲನ್ನು ಹೇಗೆ ಬರೆಯಬೇಕೋ ತಿಳಿಯದೆ ತುಂಬಾ ಹೊತ್ತು ಹಾಗೇ ಕೂತಿದ್ದೆ. ಪತ್ರ ತಲುಪುವ ಮೊದಲೇ ಗಡುವು ಮುಗಿಯಿತು. ಅವನು ಬಿಡುಗಡೆಯಾದ. ಪತ್ರ ತಲುಪಿದ್ದರೂ ತೀರ್ಮಾನ ಅದೇ ಆಗುತ್ತಿತ್ತೇನೋ. ಆದರೆ ಒಬ್ಬ ತಾಯಿಯ ಮಾತು ಕಡತದಲ್ಲಿ ಇರಬೇಕಾಗಿತ್ತು, ಅಲ್ವಾ? 3,500 ಡಾಲರನ್ನು ನಾವು ಮರೆತಿದ್ದೇವೆ. ಆ ಪತ್ರವನ್ನು ಮರೆತಿಲ್ಲ.

ಆ ಫಾರಂನ ಹೆಸರು ಸಿಡಿಸಿಆರ್ 1707. ಜೈಲು ಇಲಾಖೆಯ ವೆಬ್‌ಸೈಟಿನಲ್ಲೇ ಸಿಗುತ್ತದೆ. ಅದನ್ನು ಕೊಟ್ಟು ಕೇಳಿಕೊಂಡವರಿಗೆ ವಿಚಾರಣೆಗೆ ಕನಿಷ್ಠ 90 ದಿನ ಮುಂಚೆ ತಿಳಿಸಬೇಕು ಎಂಬ ನಿಯಮ ಇದೆ. ಕೇಳದವರಿಗೆ ಯಾರೂ ಹುಡುಕಿಕೊಂಡು ಬಂದು ಹೇಳುವುದಿಲ್ಲ. ಸರ್ಕಾರಿ ವಕೀಲರು ನಮ್ಮ ಪರ ಇದ್ದೇ ಇರುತ್ತಾರೆ ಎಂದೂ ನಂಬಿ ಕೂರಬೇಡಿ. ಕೆನಡಿಯಂಥ ಮನೆತನದ ಕೇಸಿಗೇ ಅವತ್ತು ಯಾರೂ ಬಂದಿರಲಿಲ್ಲ. ಈಗ ವಿಚಾರಣೆ ವಿಡಿಯೋದಲ್ಲಿ ನಡೆಯುವುದರಿಂದ ಜೈಲಿನವರೆಗೆ ಹೋಗಬೇಕಿಲ್ಲ. ನಿಮ್ಮ ಸರದಿ ಎಲ್ಲರಿಗಿಂತ ಕೊನೆಗೆ ಬರುತ್ತದೆ. ನಿಮ್ಮನ್ನು ಯಾರೂ ಪಾಟೀಸವಾಲು ಮಾಡುವುದಿಲ್ಲ.

ಇನ್ನೊಂದು ವಿಷಯ ನಮ್ಮವರಿಗೆ ಬೇಗ ತಲೆಗೆ ಹತ್ತುವುದಿಲ್ಲ. "ಅಷ್ಟು ದೊಡ್ಡ ಅಪರಾಧ ಮಾಡಿದವನನ್ನು ಬಿಡುವುದು ಹೇಗೆ?" ಎಂದೇ ಎಲ್ಲರೂ ಕೇಳುತ್ತಾರೆ. ಬೋರ್ಡಿನ ಮುಂದಿರುವ ಪ್ರಶ್ನೆ ಅದಲ್ಲ. ಅಪರಾಧ ಘೋರವಾಗಿತ್ತು ಅನ್ನುವುದು ಒಂದೇ ಕಾರಣಕ್ಕೆ ಪೆರೋಲ್ ತಡೆಯುವಂತಿಲ್ಲ, ಈ ಮನುಷ್ಯ ಇವತ್ತು ಅಪಾಯಕಾರಿಯಾ ಅನ್ನುವುದನ್ನು ನೋಡಬೇಕು ಎಂದು ಕ್ಯಾಲಿಫೋರ್ನಿಯಾದ ಸುಪ್ರೀಂ ಕೋರ್ಟ್ 2008ರಲ್ಲಿ ಹೇಳಿದೆ. ಜೊತೆಗೆ, ಅಪರಾಧದ ಹೊತ್ತಿಗೆ 26 ತುಂಬದವರಿಗೂ, ಈಗ ವಯಸ್ಸಾದವರಿಗೂ ವಿಶೇಷ ಗಮನ ಕೊಡಬೇಕೆಂಬ ಕಾನೂನುಗಳಿವೆ. 24ರಲ್ಲಿ ಕೊಂದು, 77ರಲ್ಲಿ ಬೋರ್ಡಿನ ಮುಂದೆ ಕೂತ ಸಿರ್ಹಾನ್‌ಗೆ ಎರಡೂ ಅನ್ವಯ ಆಗುತ್ತಿದ್ದವು. ಆದ್ದರಿಂದ ನೀವು ಪತ್ರ ಬರೆಯುವಾಗ ನಿಮ್ಮ ನೋವನ್ನು ಖಂಡಿತ ಬರೆಯಿರಿ. ಅವನು ತನ್ನ ತಪ್ಪನ್ನು ಒಪ್ಪಿಕೊಂಡಿದ್ದಾನಾ, ಯಾಕೆ ಹಾಗೆ ಮಾಡಿದೆ ಅನ್ನುವುದು ಅವನಿಗೇ ಅರ್ಥವಾಗಿದೆಯಾ, ಅದನ್ನೂ ಕೇಳಿ. ಇಲ್ಲಿನವರು ಇದಕ್ಕೆ "ಇನ್‌ಸೈಟ್" ಅನ್ನುತ್ತಾರೆ. ಗುಂಡು ಹಾರಿಸಿದ್ದು ನೆನಪಿಲ್ಲ ಎಂದು ಸಿರ್ಹಾನ್ ದಶಕಗಟ್ಟಲೆ ಹೇಳುತ್ತಾ ಬಂದ. ಗವರ್ನರ್ ತಡೆದಿದ್ದೂ ಮುಖ್ಯವಾಗಿ ಈ ಕಾರಣಕ್ಕೇ: ಹೊಣೆ ಹೊರುವುದನ್ನು, ತಿಳುವಳಿಕೆಯನ್ನು ಅವನು ಇನ್ನೂ ಬೆಳೆಸಿಕೊಂಡಿಲ್ಲ ಎಂದು.

ನನ್ನ ಅಭಿಪ್ರಾಯವನ್ನೂ ಹೇಳಿಬಿಡುತ್ತೇನೆ. ರಾಜಕೀಯ ಹತ್ಯೆ ಉಳಿದ ಕೊಲೆಯಂತಲ್ಲ. ನಮ್ಮ ಮೈದುನ ಹೋದಾಗ ಒಂದು ಮನೆ ಮುರಿಯಿತು. ಕೆನಡಿ ಹೋದಾಗ ಒಂದು ಮನೆಯ ಜೊತೆ, ಅವತ್ತಷ್ಟೇ ಅವರಿಗೆ ಮತ ಹಾಕಿ ಬಂದಿದ್ದ ಲಕ್ಷಾಂತರ ಜನರ ತೀರ್ಮಾನವೂ ಹೋಯಿತು. ಈ ವ್ಯತ್ಯಾಸವನ್ನು ಶಿಕ್ಷೆ ಕೊಡುವ ದಿನವೇ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಐವತ್ತು ವರ್ಷ ಕಳೆದ ಮೇಲೆ, ಕೆನಡಿಯನ್ನು ತನ್ನ ರಾಜಕೀಯ ಆದರ್ಶ ಎಂದು ಹೇಳಿಕೊಂಡ ಗವರ್ನರ್ ಒಬ್ಬರೇ ಕೂತು ತೀರ್ಮಾನಿಸುವುದು ನನಗೆ ಸರಿ ಕಾಣುವುದಿಲ್ಲ. ಬೋರ್ಡ್ ಹೂಂ ಅಂದ ಮೂರನೇ ವಾರ, ಸೆಪ್ಟೆಂಬರ್ 14ಕ್ಕೆ, ಅವರನ್ನು ಕುರ್ಚಿಯಿಂದ ಇಳಿಸಬೇಕೋ ಬೇಡವೋ ಎಂಬ ಮತದಾನ ಬೇರೆ ಇತ್ತು. ಅವರ ತೀರ್ಮಾನವೇ ತಪ್ಪು ಅನ್ನುತ್ತಿಲ್ಲ. 2023ರಲ್ಲಿ ಬೋರ್ಡೂ ಅದನ್ನೇ ಹೇಳಿತಲ್ಲ. ಚುನಾವಣೆಗೆ ನಿಲ್ಲುವವರ ಕೈಯಲ್ಲಿ ಈ ಅಧಿಕಾರ ಇರಬಾರದು, ಅಷ್ಟೇ.

ಹಾಗಂತ ಊರಿನ ಪದ್ಧತಿ ಮೇಲು ಅನ್ನಲಾರೆ. ರಾಜೀವ್ ಹತ್ಯೆಯ ಸಂಚುಗಾರ ಶಿವರಾಸನ್ 1991ರ ಆಗಸ್ಟ್‌ನಲ್ಲಿ ನಮ್ಮ ಬೆಂಗಳೂರಿನ ಕೋಣನಕುಂಟೆಯಲ್ಲೇ ಸತ್ತ. ಆ ಕೇಸು ನಮಗೂ ದೂರದ್ದಲ್ಲ. ಆ ಕೇಸಿನ ಕೈದಿಗಳಾದ ಪೇರರಿವಾಳನ್ ಮತ್ತು ಉಳಿದವರನ್ನು ಬಿಡಿ ಎಂದು ತಮಿಳುನಾಡು ಸಂಪುಟ 2018ರ ಸೆಪ್ಟೆಂಬರ್‌ನಲ್ಲಿ ಶಿಫಾರಸು ಮಾಡಿತು. ರಾಜ್ಯಪಾಲರು ವರ್ಷಗಟ್ಟಲೆ ತೀರ್ಮಾನ ಮಾಡದೆ, ಕೊನೆಗೆ ರಾಷ್ಟ್ರಪತಿಗೆ ಕಳಿಸಿದರು. 2022ರ ಮೇ 18ರಂದು ಸುಪ್ರೀಂ ಕೋರ್ಟೇ ಸಂವಿಧಾನ ತನಗೆ ಕೊಟ್ಟ ವಿಶೇಷ ಅಧಿಕಾರವಾದ 142ನೇ ವಿಧಿ ಬಳಸಿ ಪೇರರಿವಾಳನ್‌ನನ್ನು ಬಿಡಬೇಕಾಯಿತು. ಉಳಿದವರು ನವೆಂಬರ್‌ನಲ್ಲಿ ಹೊರಬಂದರು. ಶ್ರೀಪೆರಂಬುದೂರಿನಲ್ಲಿ ಅವತ್ತು ರಾಜೀವ್ ಜೊತೆ ಸತ್ತ ಪೊಲೀಸರು, ಸಾಮಾನ್ಯ ಜನರ ಮನೆಯವರನ್ನು ಕೂರಿಸಿ ಮಾತಾಡಿಸುವ ಕಡ್ಡಾಯ ವಿಚಾರಣೆ ಆ ದಾರಿಯಲ್ಲಿ ಎಲ್ಲೂ ಇರಲಿಲ್ಲ. ಇಲ್ಲಿ 30 ದಿನ ಅಂದರೆ 30 ದಿನ. ಹೂಂ ಅಂದರೂ ಉಹೂಂ ಅಂದರೂ ಕಾರಣ ದಾಖಲೆಯಲ್ಲಿರುತ್ತದೆ, ವಿಚಾರಣೆಯ ಪ್ರತಿ ಯಾರು ಬೇಕಾದರೂ ಓದಬಹುದು. ಈ ಎರಡು ವಿಷಯದಲ್ಲಿ ಇಲ್ಲಿನದೇ ಚೆನ್ನ.

ಇದೆಲ್ಲ ಕ್ಯಾಲಿಫೋರ್ನಿಯಾದ ಮಾತು. ನೀವು ವರ್ಜೀನಿಯಾದಲ್ಲಿದ್ದರೆ 1995ರಿಂದ ಈಚಿನ ಅಪರಾಧಗಳಿಗೆ ಅಲ್ಲಿ ಈ ಥರದ ಪೆರೋಲ್ ಇಲ್ಲ. ಫೆಡರಲ್, ಅಂದರೆ ಕೇಂದ್ರ ಸರ್ಕಾರದ, ಕೇಸಾದರೆ 1987ರ ನವೆಂಬರ್‌ನಿಂದ ಈಚಿನದಕ್ಕೆ ಇಲ್ಲ. ಅಧ್ಯಕ್ಷ ಫೋರ್ಡ್ ಅವರನ್ನು 1975ರಲ್ಲಿ ಕೊಲ್ಲಲು ಹೊರಟ ಇಬ್ಬರು ಹೆಂಗಸರು 2007ರಲ್ಲಿ, 2009ರಲ್ಲಿ ಪೆರೋಲ್ ಮೇಲೆ ಹೊರಬಂದಿದ್ದು ಹಳೆಯ ಕಾನೂನಿನ ಕೆಳಗೆ. ರಾಜ್ಯ ಯಾವುದು, ವರ್ಷ ಯಾವುದು ಎಂದು ನೋಡದೆ ಯಾರಿಗೂ ಸಲಹೆ ಕೊಡಬೇಡಿ.

ಜೈಲಿನ ಒಳಗಿರುವವರು ನಮ್ಮವರೇ ಆಗಿದ್ದರೆ ಒಂದು ಎಚ್ಚರಿಕೆ. ಅಮೆರಿಕದ ಪೌರತ್ವ ಇಲ್ಲದವರಿಗೆ ಪೆರೋಲ್ ಸಿಕ್ಕರೆ ಸಾಮಾನ್ಯವಾಗಿ ಜೈಲಿನ ಬಾಗಿಲಲ್ಲೇ ವಲಸೆ ಇಲಾಖೆಯವರು ಕಾದಿರುತ್ತಾರೆ. ಗ್ರೀನ್ ಕಾರ್ಡ್ ಇದೆ ಎಂದು ಧೈರ್ಯವಾಗಿರಬೇಡಿ. ಬಿಡುಗಡೆಯ ದಿನ ಕಾರು ತೆಗೆದುಕೊಂಡು ಹೋಗುವುದಕ್ಕಿಂತ ಆರು ತಿಂಗಳು ಮುಂಚೆ ವಲಸೆ ವಕೀಲರನ್ನು ನೋಡಿ. ಈ ವಕೀಲರಿಗೆ ಕೊಡುವ ದುಡ್ಡು ದಂಡ ಅಲ್ಲ.

ಹೋದ ತಿಂಗಳು ಒಬ್ಬ ಹೆಣ್ಣುಮಗಳು ಫೋನ್ ಮಾಡಿದಳು. "ಅಕ್ಕಾ, ಅಪ್ಪನ ಕೇಸಲ್ಲಿ ಅವನಿಗೆ ಪೆರೋಲ್ ಕೊಟ್ಟುಬಿಟ್ರಂತೆ. ಎಲ್ಲಾ ಮುಗೀತು ಅಲ್ವಾ?" ವಿಚಾರಣೆ ಯಾವತ್ತು ಆಯಿತು ಎಂದು ಕೇಳಿದೆ. ಹನ್ನೊಂದು ದಿನ ಆಗಿತ್ತು. ಮನೆಗೆ ಬಾ ಎಂದೆ. ಅದೇ ಅಡುಗೆಮನೆಯ ಮೇಜಿನ ಮೇಲೆ ಕ್ಯಾಲೆಂಡರ್ ಹರಡಿ, 120ನೇ ದಿನಕ್ಕೊಂದು, 150ನೇ ದಿನಕ್ಕೊಂದು ಕೆಂಪು ಗುರುತು ಹಾಕಿದೆವು. 1707 ಫಾರಂ ತುಂಬಿದೆವು. ಆಮೇಲೆ ಅವಳು ಅವರ ಅಮ್ಮನಿಗೆ ಫೋನ್ ಹಚ್ಚಿ, ಪತ್ರ ಬರೆಸಿಕೊಳ್ಳಲು ಕೂತಳು.