ದಾಳಿಂಬೆಯ ಪೊರೆ ಎಲ್ಲಿ ಹೋಯಿತು?

ಕಲಬುರಗಿಯ ಒಂದು ಸ್ಕ್ಯಾನ್ ಸೆಂಟರಿನಲ್ಲಿ ಎಂಆರ್‌ಐ ಟೆಕ್ನಿಷಿಯನ್ ಆಗಿ ಹನ್ನೊಂದು ವರ್ಷವಾಯಿತು. ನನ್ನ ಕೆಲಸದಲ್ಲಿ ಅರ್ಧ ಯಂತ್ರ ನಡೆಸುವುದು, ಇನ್ನರ್ಧ "ಅಲುಗಾಡಬ್ಯಾಡ್ರಿ" ಅನ್ನುವುದು. ಜೇವರ್ಗಿ, ಆಳಂದ, ಚಿಂಚೋಳಿ ಕಡೆಯಿಂದ ನಸುಕಿನ ಬಸ್ಸಿಗೆ ಬಂದವರು ಮಧ್ಯಾಹ್ನವಾದರೂ ಸರದಿಯಲ್ಲೇ ಕೂತಿರುತ್ತಾರೆ. ಪಿತ್ತನಾಳದ ಸ್ಕ್ಯಾನಾದರೆ ಖಾಲಿ ಹೊಟ್ಟೆ ಬೇರೆ.

ಒಂದು ದಿನ ಕಾಮಾಲೆಯಾಗಿದ್ದ ಅಜ್ಜಿಯೊಬ್ಬಳನ್ನು ಒಳಗೆ ಮಲಗಿಸಿದ್ದೆ. ಪಿತ್ತನಾಳದ 3ಡಿ ಸ್ಕ್ಯಾನ್ ಉಸಿರನ್ನು ಕಾಯುತ್ತ ನಡೆಯುತ್ತದೆ. ಉಸಿರು ಬಿಟ್ಟು ಹೊಟ್ಟೆ ನಿಂತಾಗ ಒಂದಿಷ್ಟು ಸಿಗ್ನಲ್ ತೆಗೆದುಕೊಂಡು ಮತ್ತೆ ಸುಮ್ಮನಾಗುತ್ತದೆ. ನೋವಿಗೆ ಅಜ್ಜಿಯ ಉಸಿರು ಒಂದೇ ಸಮ ಇರಲಿಲ್ಲ. ಐದು ನಿಮಿಷದ್ದು ಒಂಬತ್ತಕ್ಕೆ ಹೋಯಿತು. "ಯಪ್ಪಾ, ಇದೇನು ರಾಶಿ ಮಷಿನ್ ಅದನೋ ಏನೋ, ಯಾವಾಗ ಬಂದ್ ಆಗ್ತದ?" ಅಂತ ಒಳಗಿನಿಂದಲೇ ಕೂಗಿದಳು. ಅಷ್ಟೆಲ್ಲ ಕಾಡಿಸಿ ತೆಗೆದ ಚಿತ್ರ ಕಲಸಿದ ಅಂಬಲಿಯ ಹಾಗಿತ್ತು.

ಅದಾದ ಕೆಲವೇ ದಿನಕ್ಕೆ ನಮ್ಮ 1.5 ಟೆಸ್ಲಾ (ಆಯಸ್ಕಾಂತದ ಬಲದ ಅಳತೆ) ಯಂತ್ರಕ್ಕೆ ಕಂಪ್ರೆಸ್ಡ್ ಸೆನ್ಸಿಂಗ್, ಅಂದರೆ ಕಡಿಮೆ ಅಳತೆಯಿಂದಲೇ ಪೂರ್ತಿ ಚಿತ್ರ ಕಟ್ಟುವ ಸಾಫ್ಟ್‌ವೇರ್ ಹಾಕಿದರು. ಹಾಕಲು ಬಂದ ಇಂಜಿನಿಯರ್ ಒಂದು ಅಂಕಿ ತೋರಿಸಿ, "ಇದನ್ನ ಹೆಚ್ಚು ಮಾಡ್ರಿ, ಟೈಮ್ ಕಡಿಮಿ ಆಗ್ತದ" ಅಂದು ಹೋದರು. ನನಗೆ ಸಿಕ್ಕ ತರಬೇತಿ ಹೆಚ್ಚುಕಡಿಮೆ ಅಷ್ಟೇ.

ಎಂಆರ್‌ಐ ನಿಧಾನ ಯಾಕೆಂದರೆ ಅದು ಕ್ಯಾಮೆರಾದಂತೆ ಒಂದೇ ಏಟಿಗೆ ಚಿತ್ರ ತೆಗೆಯುವುದಿಲ್ಲ. ಕೆ-ಸ್ಪೇಸ್ ಎಂಬ ಸಿಗ್ನಲ್ ಕೋಷ್ಟಕವನ್ನು ಗೆರೆ ಗೆರೆಯಾಗಿ ತುಂಬಿ, ಆಮೇಲೆ ಅದರಿಂದ ಚಿತ್ರ ಕಟ್ಟುತ್ತದೆ. ಹಳೆಯ ಸಾದಾ ವಿಧಾನದಲ್ಲಿ ಒಂದು ಗೆರೆಗೆ ಅರ್ಧ ಸೆಕೆಂಡ್ ಹಿಡಿದರೂ 256 ಗೆರೆಗೆ 128 ಸೆಕೆಂಡ್ ಬೇಕು. ಗೆರೆ ಬಿಟ್ಟರೆ ಸಮಯ ಉಳಿಯುತ್ತದೆ. ಆದರೆ ಒಂದು ಬಿಟ್ಟು ಒಂದು ಅಂತ ಲೆಕ್ಕಬದ್ಧವಾಗಿ ಬಿಟ್ಟರೆ ಚಿತ್ರ ಮಡಚಿಕೊಂಡು ಮೂಗು ಹೋಗಿ ಹಿಂದಲೆಯ ಮೇಲೆ ಕೂರುತ್ತದೆ. ಅಡ್ಡಾದಿಡ್ಡಿಯಾಗಿ ಬಿಟ್ಟರೆ ಹಾಗೆ ಮಡಚುವುದಿಲ್ಲ, ಚಿತ್ರದ ತುಂಬ ಧೂಳು ಹಾರಿದಂತೆ ಕಾಣುತ್ತದೆ. ಚಿತ್ರದ ಒಟ್ಟು ಬೆಳಕು-ಕತ್ತಲೆ ಕೋಷ್ಟಕದ ನಡುಭಾಗದಲ್ಲಿರುವುದರಿಂದ ಅಲ್ಲಿ ಮಾತ್ರ ಗೆರೆಗಳನ್ನು ದಟ್ಟವಾಗಿ ಇಟ್ಟುಕೊಳ್ಳುತ್ತಾರೆ.

ಧೂಳಾದರೆ ಕೇರಿ ತೆಗೆಯಬಹುದು. ಅವ್ವ ಮೊರದಲ್ಲಿ ತೊಗರಿ ಕೇರುವುದನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಂಪ್ಯೂಟರ್ ಚಿತ್ರವನ್ನು ವೇವ್ಲೆಟ್ ಎಂಬ ರೂಪಕ್ಕೆ ತಿರುಗಿಸುತ್ತದೆ. ಅಲ್ಲಿ ನಿಜವಾದ ಚಿತ್ರ ಕೆಲವೇ ದೊಡ್ಡ ಅಂಕಿಗಳಲ್ಲಿ ಅಡಗಿರುತ್ತದೆ, ಧೂಳು ಸಣ್ಣ ಸಣ್ಣ ಅಂಕಿಗಳಾಗಿ ಹರಡಿರುತ್ತದೆ. ಸಣ್ಣದ್ದನ್ನು ಹಾರಿಸುವುದು, ಉಳಿದದ್ದು ಅಳೆದ ಗೆರೆಗಳಿಗೆ ತಾಳೆಯಾಗುತ್ತದೋ ನೋಡುವುದು, ಮತ್ತೆ ಕೇರುವುದು. ಇದರಿಂದಲೇ ಸ್ಕ್ಯಾನ್ ಮುಗಿದ ಮೇಲೂ ಚಿತ್ರ ಬರಲು ಕೊಂಚ ತಡವಾಗುತ್ತದೆ. ಮೊದಲ ದಿನ ಯಂತ್ರ ಹ್ಯಾಂಗ್ ಆಯಿತೆಂದು ಗಾಬರಿಯಾಗಿದ್ದೆ. ಇದರ ಗಣಿತವನ್ನು ಸಂಶೋಧಕರಾದ ಡೊನೊಹೊ ಒಂದು ಕಡೆ, ಕ್ಯಾಂಡೆಸ್, ರೋಂಬರ್ಗ್, ಟಾವೊ ಇನ್ನೊಂದು ಕಡೆ 2006ರಲ್ಲಿ ಪ್ರಕಟಿಸಿದರು. 2007ರಲ್ಲಿ ಲಸ್ಟಿಗ್, ಡೊನೊಹೊ, ಪೌಲಿ ಅದನ್ನು ಎಂಆರ್‌ಐಗೆ ಹೊಂದಿಸಿ ತೋರಿಸಿದರು. ಔಷಧ, ವೈದ್ಯಕೀಯ ಸಾಧನಗಳನ್ನು ನಿಯಂತ್ರಿಸುವ ಅಮೆರಿಕದ ಎಫ್‌ಡಿಎ, ಆಸ್ಪತ್ರೆ ಯಂತ್ರಗಳಲ್ಲಿ ಇದನ್ನು ಬಳಸಲು ಒಪ್ಪಿಗೆ ಕೊಡಲು ಶುರು ಮಾಡಿದ್ದು 2017ರಲ್ಲಿ.

ಇದೆಲ್ಲ ನಾನು ಓದಿದ್ದು ತಪ್ಪು ಮಾಡಿದ ಮೇಲೆ. ಮೊದಲ ವಾರ ಆ ಅಂಕಿಯನ್ನು ಮನಸ್ಸಿಗೆ ಬಂದಷ್ಟು ಏರಿಸಿದೆ. ಸರದಿ ಬೇಗ ಕರಗಿತು, ನಾನೂ ಮೀಸೆ ತಿರುವಿದೆ. ಒಂದು ಸಂಜೆ ರೇಡಿಯಾಲಜಿಸ್ಟ್ ಮೇಡಂ ಕರೆದರು. "ಏನ್ರೀ ಇದು? ನಾಳಕ್ಕ ಎಣ್ಣಿ ಹಚ್ಚಿ ತಿಕ್ಕಿದಂಗ ಕಾಣ್ತದಲ್ಲ. ಇನ್ನೊಮ್ಮೆ ತೆಗೀರಿ." ರೋಗಿ ಇನ್ನೂ ಹೊರಗೇ ಇದ್ದ, ಪುಣ್ಯ. ಹಳೆಯ ವಿಧಾನದಲ್ಲಿ ತೆಗೆದಾಗ ಬೆಳ್ಳಗಿನ ಪಿತ್ತನಾಳದ ತುದಿಯಲ್ಲಿ ಎಳ್ಳಿನಷ್ಟು ಕಪ್ಪು ಚುಕ್ಕೆ ಕಂಡಿತು. ಅದು ಕಲ್ಲು. ಮೊದಲಿನ ಚಿತ್ರದಲ್ಲಿ ಹೊಟ್ಟಿನ ಜೊತೆ ನುಚ್ಚೂ ಹಾರಿಹೋಗಿತ್ತು. ಆ ರಾತ್ರಿ ನನಗೆ ಊಟ ಸೇರಲಿಲ್ಲ.

ಮರುದಿನ ಸೂಪರ್ ಮಾರ್ಕೆಟ್ಟಿನಿಂದ ಒಂದು ದಾಳಿಂಬೆ ತಂದೆ. ಕೊನೆಯ ರೋಗಿ ಹೋದ ಮೇಲೆ ಅದನ್ನು ಟವೆಲಿನಲ್ಲಿ ಸುತ್ತಿ, ಮೊಣಕಾಲಿಗೆ ಹಾಕುವ ಕಾಯಿಲ್ (ಸಿಗ್ನಲ್ ಹಿಡಿಯುವ ಕವಚ) ಒಳಗೆ ಇಟ್ಟೆ. ದಾಳಿಂಬೆಯೇ ಯಾಕೆ? ಕಾಳುಗಳಲ್ಲಿ ನೀರಿರುವುದರಿಂದ ಅವು ಢಾಳಾಗಿ ಹೊಳೆಯುತ್ತವೆ, ನಡುವಿನ ಪೊರೆ ತೆಳು, ಮಂಕು. ಮೊದಲು ಪೂರ್ತಿ ಗೆರೆಗಳಲ್ಲಿ ತೆಗೆದೆ. ಆಮೇಲೆ ಆ ಅಂಕಿಯನ್ನು 2, 4, 6, 8 ಮಾಡುತ್ತ ಹೋದೆ; ಎರಡು ಅಂದರೆ ಎರಡು ಗೆರೆಗೆ ಒಂದು, ನಾಲ್ಕು ಅಂದರೆ ನಾಲ್ಕಕ್ಕೆ ಒಂದು ಅಳೆಯುವ ಲೆಕ್ಕ. ನಾಲ್ಕರವರೆಗೆ ನನ್ನ ಕಣ್ಣಿಗೆ ವ್ಯತ್ಯಾಸ ಸಿಗಲಿಲ್ಲ. ಆರಕ್ಕೆ ಪೊರೆ ಅಲ್ಲಲ್ಲಿ ಹರಿಯಿತು. ಎಂಟರಲ್ಲಿ ಎರಡು ಮೂರು ಕಡೆ ಪೊರೆಯೇ ಇಲ್ಲ, ಆದರೆ ಕಾಳುಗಳು ಮೊದಲಿಗಿಂತ ಚೆಂದ, ಮುತ್ತು ಪೋಣಿಸಿದ ಹಾಗೆ! ಪಕ್ಕದಲ್ಲಿ ಮೊದಲನೆಯ ಚಿತ್ರ ಇಲ್ಲದಿದ್ದರೆ ಎಂಟರದ್ದನ್ನೇ ಒಳ್ಳೆಯದು ಅನ್ನುತ್ತಿದ್ದೆ. ಮರುದಿನ ರಾತ್ರಿ ಅಂಕಿಯನ್ನು ನಾಲ್ಕಕ್ಕೇ ನಿಲ್ಲಿಸಿ ಕೇರುವ ಬಿರುಸನ್ನು ಮಾತ್ರ ಬದಲಿಸಿದೆ. ಜೋರು ಮಾಡಿದರೆ ಅಲ್ಲಿಯೂ ಮೊದಲು ಮಾಯವಾದದ್ದು ಪೊರೆಯೇ. (ಹಣ್ಣನ್ನು ಮೂರನೆಯ ದಿನ ನಾನೂ ವಾಚ್‌ಮನ್ನೂ ತಿಂದೆವು.)

ಅಲ್ಲಿಂದ ನನ್ನ ಪದ್ಧತಿ ಬದಲಾಯಿತು. ಪಿತ್ತನಾಳ, ಮೆದುಳಿನ ರಕ್ತನಾಳದಂಥ 3ಡಿ ಸ್ಕ್ಯಾನುಗಳಲ್ಲಿ ಕತ್ತಲಲ್ಲಿ ನಾಳವಷ್ಟೇ ಹೊಳೆಯುತ್ತದೆ, ಗೆರೆ ಬಿಡಲು ಎರಡು ದಿಕ್ಕು ಸಿಗುತ್ತವೆ. ಅಲ್ಲಿ ಕೈ ಬಿಚ್ಚಿ ಬಳಸುತ್ತೇನೆ, ಆದರೆ ನಾಲ್ಕು ದಾಟುವುದಿಲ್ಲ. ನಮ್ಮಲ್ಲಿ ಹೆಚ್ಚಾಗಿ ಬರುವುದು ಬೆನ್ನುನೋವು. ಬೆನ್ನೆಲುಬಿನ 2ಡಿ ಸ್ಕ್ಯಾನಿನಲ್ಲಿ ಒಂದೇ ದಿಕ್ಕು, ಹಾಗಾಗಿ ನಾಲ್ಕರಲ್ಲಿ ಒಂದು ಪಾಲು ಸಮಯ ಉಳಿದರೆ ಅದೇ ದೊಡ್ಡದು. ನಾಳಗಳನ್ನೆಲ್ಲ ಕೂಡಿಸಿ ತಿರುಗಿಸಿ ತೋರಿಸುವ ಚಿತ್ರವನ್ನು ನಂಬಿ ರೋಗಿಯನ್ನು ಎಬ್ಬಿಸುವುದಿಲ್ಲ. ಅದರಲ್ಲಿ ಸಣ್ಣ ಕಲ್ಲು ಮುಚ್ಚಿಹೋಗುತ್ತದೆ, ಬಿಡಿ ಪದರುಗಳನ್ನೇ ನೋಡುತ್ತೇನೆ. ರೋಗಿ ಅಲುಗಾಡಿದ್ದು ಹಳೆಯ ವಿಧಾನದಲ್ಲಿ ನೆರಳು ನೆರಳಾಗಿ ಎದ್ದು ಕಾಣುತ್ತಿತ್ತು, ಇಲ್ಲಿ ಬರೀ ಮಸುಕಾಗಿ ಅಡಗುತ್ತದೆ. ಹಾಗಾಗಿ "ಅಲುಗಾಡಬ್ಯಾಡ್ರಿ" ಅನ್ನುವುದು ಮೊದಲಿಗಿಂತ ಹೆಚ್ಚೇ ಆಗಿದೆ.

ಮೊನ್ನೆ ಅಫಜಲಪುರದ ಕಡೆಯ ಒಬ್ಬರನ್ನು ಬೇಗ ಹೊರಗೆ ಕಳಿಸಿದೆ. ಜೊತೆಗೆ ಬಂದಿದ್ದ ಮಗ ಬಾಗಿಲಲ್ಲೇ ತಡೆದ.

"ಇಷ್ಟ ಲಗೂನ ಹ್ಯಾಂಗ ಮುಗೀತ್ರಿ? ರೊಕ್ಕ ಪೂರಾ ತಗೊಂಡು ಸ್ಕ್ಯಾನ್ ಅರ್ಧಾ ಮಾಡೀರೇನು?"

ನಾನು ತಲೆ ಕೆರೆದುಕೊಂಡೆ. ಗೆರೆ ಲೆಕ್ಕದಲ್ಲಿ ಅರ್ಧವೂ ಆಗಿರಲಿಲ್ಲ.